‘ಸ್ಟೀರಿಂಗ್ ಹಾರ್ಡ್’ ಎಂದಷ್ಟೇ ಬರೆಯಬೇಡಿ: ಲೋಡರ್ ಆಪರೇಟರ್‌ಗಳಿಗೆ ಒಂದು ಬಹಿರಂಗ ಪತ್ರ

ಸಂಡೂರು, ಹೊಸಪೇಟೆ, ತೋರಣಗಲ್ಲು ಸುತ್ತಿನ ಅದಿರು ಯಾರ್ಡುಗಳಲ್ಲಿ, ರೈಲ್ವೆ ಸೈಡಿಂಗುಗಳಲ್ಲಿ, ಕ್ರಷರುಗಳಲ್ಲಿ ಲೋಡರ್ ಓಡಿಸುವ ಅಣ್ಣತಮ್ಮಂದಿರೇ,

ನಿಮ್ಮ ಲಾಗ್‌ಬುಕ್ಕುಗಳನ್ನು ನಾನು ಬಹಳ ಓದಿದ್ದೇನೆ. ಹೈಡ್ರಾಲಿಕ್ ಫಿಟ್ಟರನ ಕೆಲಸ ಅಲ್ಲಿಂದಲೇ ಶುರು. ಯಾವ ಯಾರ್ಡಿಗೆ ಹೋದರೂ ಸ್ಟೀರಿಂಗ್ ಬಗ್ಗೆ ಸಿಗುವ ದೂರು ಒಂದೇ: ‘ಸ್ಟೀರಿಂಗ್ ಹಾರ್ಡ್’. ಯಾವಾಗ ಗಟ್ಟಿ, ಯಾವ ಕಡೆಗೆ ಗಟ್ಟಿ, ಬಕೆಟ್ ಎತ್ತುವಾಗಲೋ ಖಾಲಿ ಓಡುವಾಗಲೋ, ಬೆಳಗಿನ ತಂಪಿನಲ್ಲೋ ಮಧ್ಯಾಹ್ನದ ಬಿಸಿಲಿನಲ್ಲೋ, ಒಂದೂ ಇರುವುದಿಲ್ಲ. ಅದನ್ನು ಓದಿದ ಸೂಪರ್‌ವೈಸರ್ ಸಾಹೇಬರು ‘ಆರ್ಬಿಟ್ರೋಲ್ ಹೋಗೈತೆ, ಬಿಚ್ಚು’ ಅನ್ನುತ್ತಾರೆ. ಫಿಟ್ಟರ್ ಬಿಚ್ಚುತ್ತಾನೆ. ಸುತ್ತ ಕೆಂಪು ಧೂಳು ಹಾರುತ್ತಿರುವಾಗಲೇ, ಒಂದು ಗೋಣಿಚೀಲದ ಮೇಲೆ, ಸ್ಟೀರಿಂಗಿನ ಕೆಳಗಿನ ಆ ಆರ್ಬಿಟ್ರೋಲ್, ಯಂತ್ರದ ಅತಿ ನಾಜೂಕಿನ ಭಾಗ, ಹರಡಿಕೊಳ್ಳುತ್ತದೆ. ಹೊಸ ಸೀಲ್ ಕಿಟ್ ಹಾಕಿ ಕೂಡಿಸಿ ಇಂಜಿನ್ ಚಾಲೂ ಮಾಡಿದರೆ ಸ್ಟೀರಿಂಗ್ ಮೊದಲಿನಷ್ಟೇ ಗಟ್ಟಿ. ದೋಷ ಇದ್ದದ್ದು ಪಂಪಿನ ಹೀರು ಪೈಪಿನ ಜಾಲರಿಯಲ್ಲಿ, ಇಲ್ಲವೇ ಪ್ರಯಾರಿಟಿ ವಾಲ್ವಿನಲ್ಲಿ. ಒಂದು ಪಾಳಿ ಹಾಳು, ದುಡ್ಡು ಹಾಳು, ಚೆನ್ನಾಗಿದ್ದ ಆರ್ಬಿಟ್ರೋಲಿನೊಳಗೆ ಈಗ ಧೂಳು ಬೇರೆ.

ಈ ನಷ್ಟವನ್ನು ತಪ್ಪಿಸಬಲ್ಲವರು ನೀವು. ಗೇಜು ತೋರಿಸದ ಎಷ್ಟೋ ಸಂಗತಿ ಸ್ಟೀರಿಂಗ್ ಮೇಲಿರುವ ನಿಮ್ಮ ಅಂಗೈಗೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಹೇಳಲು ಬರಬೇಕಾದರೆ ಆ ಅಂಗೈಗೂ ಕೆಳಗಿನ ಗಾಲಿಗೂ ನಡುವೆ ಏನು ನಡೆಯುತ್ತದೆ ಎಂಬುದು ತಿಳಿದಿರಬೇಕು. ಅದಕ್ಕಾಗಿ ಈ ಪತ್ರ.

ಮೊದಲಿಗೆ ಒಂದು ಸಂಗತಿ. ನಿಮ್ಮ ಲೋಡರಿನ ಸ್ಟೀರಿಂಗಿಗೂ ಗಾಲಿಗೂ ಯಾವ ಕಬ್ಬಿಣದ ಸಂಬಂಧವೂ ಇಲ್ಲ. ಕಾರಿನಲ್ಲಿ, ಲಾರಿಯಲ್ಲಿ ಸ್ಟೀರಿಂಗಿನಿಂದ ಗಾಲಿಯವರೆಗೆ ರಾಡು, ಗೇರು, ಬಾಲ್ ಜಾಯಿಂಟುಗಳ ಸರಪಳಿ ಇರುತ್ತದೆ. ಅಮೆರಿಕದ ಫ್ರಾನ್ಸಿಸ್ ಡೇವಿಸ್ 1926ರಲ್ಲಿ ಕಾರಿಗೆ ಪವರ್ ಸ್ಟೀರಿಂಗ್ ಕೂರಿಸಿ ತೋರಿಸಿದಾಗಲೂ ಆ ಸರಪಳಿ ಹಾಗೆಯೇ ಇತ್ತು. ಎಣ್ಣೆ ಬಂದದ್ದು ಕೈಗೆ ನೆರವಾಗಿ ಮಾತ್ರ. ಎಣ್ಣೆ ಹೋದರೂ ಗಾಲಿ ತಿರುಗುತ್ತದೆ, ಕೈ ನೋಯುತ್ತದೆ ಅಷ್ಟೇ. ಲೋಡರಿನಲ್ಲಿ ಆ ಸರಪಳಿಯೇ ಇಲ್ಲ. ಸ್ಟೀರಿಂಗಿನ ಕೆಳಗೆ ಒಂದು ಆರ್ಬಿಟ್ರೋಲ್, ಅದರಿಂದ ಹೊರಡುವ ಹೋಸ್ ಪೈಪುಗಳು, ಪೈಪಿನ ಕೊನೆಗೆ ಎರಡು ಜಾಕು, ಅಂದರೆ ಹೈಡ್ರಾಲಿಕ್ ಸಿಲಿಂಡರು. ನಡುವೆ ಇರುವುದು ಎಣ್ಣೆಯೊಂದೇ. ಸ್ಟೀರಿಂಗ್ ಗಟ್ಟಿಯಾಯಿತು ಅಂದರೆ ಎಣ್ಣೆ ಬರುತ್ತಿಲ್ಲ, ಬಂದರೂ ಸಾಲುತ್ತಿಲ್ಲ, ಇಲ್ಲವೇ ಬಂದದ್ದು ಎಲ್ಲೋ ಕಳ್ಳದಾರಿಯಲ್ಲಿ ಹೋಗುತ್ತಿದೆ. ಜಾಯಿಂಟಿನ ಪಿನ್ನು ಕಚ್ಚಿಕೊಂಡಿರುವುದು ಇನ್ನೊಂದು ಸಾಧ್ಯತೆ.

ಜೆಸಿಬಿಯಲ್ಲಿ ಕೈ ಪಳಗಿಸಿ ಲೋಡರಿಗೆ ಬಂದವರು ನಿಮ್ಮಲ್ಲಿ ಬಹಳ ಮಂದಿ. ಅದರಲ್ಲಿ ಚಾಸಿಸ್ ಒಂದೇ ತುಂಡು, ತಿರುಗುವುದು ಮುಂದಿನ ಸಣ್ಣ ಗಾಲಿ. ನಿಮ್ಮ ಲೋಡರ್ ಹಾಗಲ್ಲ. ಅದು ನಡುವಿನಲ್ಲಿ ಮಡಚುವ ಯಂತ್ರ. ಬಕೆಟ್ಟಿರುವ ಮುಂದಿನ ಫ್ರೇಮು ಒಂದು, ಇಂಜಿನ್ ಇರುವ ಹಿಂದಿನ ಫ್ರೇಮು ಇನ್ನೊಂದು. ಎರಡನ್ನೂ ಜೋಡಿಸಿರುವುದು ಒಂದರ ಕೆಳಗೊಂದು ನಿಂತ ಎರಡು ಸೆಂಟರ್ ಪಿನ್. ಪಿನ್ನಿನ ಎಡಕ್ಕೊಂದು, ಬಲಕ್ಕೊಂದು ಜಾಕು. ಬಲಗಡೆಯ ಜಾಕು ಉದ್ದವಾಗಿ ಎಡಗಡೆಯದು ಕುಗ್ಗಿದರೆ ಮೂತಿ ಎಡಕ್ಕೆ ಹೊರಳುತ್ತದೆ. ಪ್ರತಿ ಬದಿಗೆ 35ರಿಂದ 40 ಡಿಗ್ರಿಯವರೆಗೆ ಮಡಚುವುದು ಈ ಜಾತಿಯ ಯಂತ್ರಗಳಲ್ಲಿ ಸಾಮಾನ್ಯ. ಗಾಲಿಗಳು ತಮ್ಮ ಆಕ್ಸಲಿಗೆ ಯಾವಾಗಲೂ ನೇರವಾಗಿಯೇ ಇರುತ್ತವೆ.

ಲೋಡರ್ ಹುಟ್ಟಿದಾಗಲೇ ಹೀಗಿರಲಿಲ್ಲ. ಹಳೆಯವು ಒಂದೇ ತುಂಡಿನವು, ಹಲವು ಹಿಂದಿನ ಗಾಲಿ ತಿರುಗಿಸಿ ನಡೆಯುತ್ತಿದ್ದವು. 1950ರ ದಶಕದಲ್ಲಿ ಅಮೆರಿಕದಲ್ಲಿ ಮಡಚುವ ಲೋಡರುಗಳು ಬಂದವು; ಕ್ಯಾಟರ್‌ಪಿಲ್ಲರ್ 1963ರಲ್ಲಿ ತನ್ನ 988 ಲೋಡರನ್ನು ಈ ನಡುಜಾಯಿಂಟಿನೊಂದಿಗೆ ಹೊರತಂದಿತು. ಆಮೇಲೆ ದೊಡ್ಡ ಗಾಲಿ ಲೋಡರ್ ಅಂದರೆ ಮಡಚುವ ಲೋಡರ್ ಎಂದೇ ಆಯಿತು. ನಮ್ಮ ಕಡೆ 1964ರಲ್ಲಿ ಶುರುವಾದ ಬಿಇಎಂಎಲ್ ಕಾರ್ಖಾನೆಯ ಲೋಡರುಗಳೂ ಇದೇ ಜಾತಿಯವು. ಹಟ್ಟಿ ಚಿನ್ನದ ಗಣಿಯಂಥ ಕಡೆ ನೆಲದೊಳಗೆ ಓಡಾಡುವ, ತಗ್ಗು ಮೈಯ ಲೋಡರುಗಳೂ ನಡುವಿನಲ್ಲೇ ಮಡಚುತ್ತವೆ. ಸುರಂಗದ ತಿರುವಿನಲ್ಲಿ ಬೇರೆ ರೀತಿಯ ಯಂತ್ರ ಹೊರಳುವುದೇ ಕಷ್ಟ.

ಜಾಯಿಂಟು ಎರಡೂ ಆಕ್ಸಲಿನ ಸರಿನಡುವೆ ಇದ್ದರೆ ಮುಂದಿನ ಗಾಲಿ ತುಳಿದ ಜಾಡಿನಲ್ಲೇ ಹಿಂದಿನ ಗಾಲಿಯೂ ಬರುತ್ತದೆ. ಕೆಸರಿನಲ್ಲಿ ಇದರ ಬೆಲೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಹೂತುಹೋದ ಲೋಡರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಡಚುತ್ತಾ ಹೊರಗೆ ತರುವ ವಿದ್ಯೆಯೂ ಇದರಿಂದಲೇ ಬಂದದ್ದು. ಟಿಪ್ಪರಿನ ಪಕ್ಕ ನಿಂತಲ್ಲೇ ಬಕೆಟ್ಟನ್ನು ಅಷ್ಟಿಷ್ಟು ಸರಿಸಿ ನೇರ ಮಾಡಿಕೊಳ್ಳುತ್ತೀರಲ್ಲ, ಅದೂ.

ಇದಕ್ಕೆ ತೆರುವ ಬೆಲೆಯೂ ಒಂದಿದೆ. ಹಿಂದಿನ ಇಂಜಿನ್ನು, ಕೌಂಟರ್‌ವೇಟು ಎಲ್ಲ ಬಕೆಟ್ಟಿನ ಭಾರಕ್ಕೆ ಎದುರು ತೂಕ. ನೇರ ನಿಂತಾಗ ಆ ತೂಕ ಬಕೆಟ್ಟಿನ ನೇರ ಹಿಂದೆ ಇರುತ್ತದೆ. ಪೂರ್ತಿ ಮಡಚಿದಾಗ ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಯಂತ್ರ ಮಗುಚಲು ಬೇಕಾಗುವ ಭಾರ ಪೂರ್ತಿ ಮಡಚಿದ ಸ್ಥಿತಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಕಡಿಮೆಯಾಗುತ್ತದೆ. ಕಂಪನಿಯ ಪುಸ್ತಕದಲ್ಲಿ ಮಗುಚುವ ಭಾರಕ್ಕೆ ‘ನೇರ’ ಎಂದು ಒಂದು ಅಂಕಿ, ‘ಪೂರ್ತಿ ತಿರುವು’ ಎಂದು ಇನ್ನೊಂದು ಅಂಕಿ ಕೊಟ್ಟಿರುತ್ತಾರೆ. ಗಟ್ಟಿ, ಸಮತಟ್ಟು ನೆಲದ ಮೇಲೆ ಗಾಲಿ ಲೋಡರ್ ಎತ್ತಬೇಕಾದದ್ದು ಆ ಎರಡನೆಯ ಅಂಕಿಯ ಅರ್ಧವನ್ನು ಮಾತ್ರ. ಅದಿರು ಭಾರದ ಸರಕು. ಸುಣ್ಣಕಲ್ಲಿಗೋ ಕಲ್ಲಿದ್ದಲಿಗೋ ಇಟ್ಟ ಬಕೆಟ್ಟಿನಲ್ಲಿ ಅದಿರು ಬಾಯಿತುಂಬ ತುಂಬಿ, ಎತ್ತರಕ್ಕೆ ಎತ್ತಿ, ಪೂರ್ತಿ ಮಡಚಿ, ಇಳಿಜಾರಿನಲ್ಲಿ ಬ್ರೇಕ್ ಹಾಕಿದವರ ಕತೆ ನಿಮಗೇ ಗೊತ್ತು.

ಈಗ ಎಣ್ಣೆಯ ದಾರಿ. ಟ್ಯಾಂಕಿನಿಂದ ಪಂಪು ಎಣ್ಣೆ ಹೀರಿ ಮುಂದಕ್ಕೆ ತಳ್ಳುತ್ತದೆ. ಪಂಪು ತಳ್ಳುವುದು ಎಣ್ಣೆಯನ್ನು, ಒತ್ತಡವನ್ನಲ್ಲ. ಎಣ್ಣೆಗೆ ಎದುರು ಅಡ್ಡಿ ಬಂದಾಗ ಮಾತ್ರ ಒತ್ತಡ ಏರುತ್ತದೆ. ಸ್ಟೀರಿಂಗ್ ಸರ್ಕ್ಯೂಟಿನಲ್ಲಿ ಅದು 170ರಿಂದ 210 ಬಾರ್ ಸುಮಾರಿಗೆ ಬಂದಾಗ ರಿಲೀಫ್ ವಾಲ್ವು ಬಾಯಿ ಬಿಟ್ಟು ಹೆಚ್ಚಿನದನ್ನು ಟ್ಯಾಂಕಿಗೆ ಮರಳಿಸುತ್ತದೆ. ಪೂರ್ತಿ ಮಡಚಿದ ಮೇಲೂ ಸ್ಟೀರಿಂಗನ್ನು ಒತ್ತಿ ಹಿಡಿದರೆ ಸುಂಯ್ ಎಂದು ಕೇಳುವ ಸದ್ದು ಅದರದೇ. ಅಲ್ಲಿ ಖರ್ಚಾಗುವ ಇಂಜಿನ್ನಿನ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ. ಕೊನೆ ಮುಟ್ಟಿದ ಮೇಲೆ ಸ್ಟೀರಿಂಗನ್ನು ಕೂದಲೆಳೆಯಷ್ಟು ಸಡಿಲ ಬಿಡಿ.

ಪಂಪಿನಿಂದ ಹೊರಟ ಎಣ್ಣೆ ಬಹಳ ಲೋಡರುಗಳಲ್ಲಿ ಮೊದಲು ಪ್ರಯಾರಿಟಿ ವಾಲ್ವಿಗೆ ಬರುತ್ತದೆ. ನಮ್ಮ ತುಂಗಭದ್ರಾ ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಕುಡಿಯುವ ನೀರು, ಮಿಕ್ಕಿದ್ದು ಗದ್ದೆಗೆ ಅನ್ನುವುದಿಲ್ಲವೇ, ಈ ವಾಲ್ವಿನ ನ್ಯಾಯವೂ ಅದೇ. ಸ್ಟೀರಿಂಗ್ ಎಷ್ಟು ಕೇಳುತ್ತದೋ ಅಷ್ಟನ್ನು ಮೊದಲು ಕೊಟ್ಟು, ಉಳಿದದ್ದನ್ನು ಬೂಮು, ಬಕೆಟ್ಟುಗಳ ಕಡೆಗೆ ಬಿಡುತ್ತದೆ. ಸ್ಟೀರಿಂಗಿಗೆ ಎಷ್ಟು ಬೇಕು ಎಂಬ ಸುದ್ದಿ ಆರ್ಬಿಟ್ರೋಲಿನಿಂದ ಈ ವಾಲ್ವಿಗೆ ಬರುವುದು ಒಂದು ತೆಳು ಪೈಪಿನ ಮೂಲಕ. ಫಿಟ್ಟರುಗಳು ಅದನ್ನು ಎಲ್‌ಎಸ್ ಲೈನು ಅನ್ನುತ್ತಾರೆ. ಬೆರಳು ದಪ್ಪದ ಆ ಪೈಪು ಚಪ್ಪಟೆಯಾದರೆ, ಅದರ ತುದಿಯ ಸಣ್ಣ ರಂಧ್ರಕ್ಕೆ ಒಂದು ರಬ್ಬರಿನ ಚೂರು ಕೂತರೆ, ವಾಲ್ವಿಗೆ ಸುದ್ದಿಯೇ ಮುಟ್ಟುವುದಿಲ್ಲ. ಬಕೆಟ್ ಚೆನ್ನಾಗಿ ಏಳುತ್ತದೆ, ಸ್ಟೀರಿಂಗ್ ಮಾತ್ರ ಕಲ್ಲಿನಂತೆ ನಿಂತಿರುತ್ತದೆ. ಹಾಗಾದಾಗ ಆರ್ಬಿಟ್ರೋಲ್ ಬಿಚ್ಚಿ ಏನು ಪ್ರಯೋಜನ?

ಆದರೂ ಆರ್ಬಿಟ್ರೋಲಿನ ಒಳಗೊಮ್ಮೆ ಇಣುಕಲೇಬೇಕು. ಇಡೀ ವ್ಯವಸ್ಥೆಯ ಬುದ್ಧಿ ಇರುವುದು ಅಲ್ಲಿ. ನನ್ನ ಮಟ್ಟಿಗೆ ಲೋಡರಿನ ಇಡೀ ಮೈಯಲ್ಲಿ ಇಷ್ಟು ಚೆಂದದ ಇನ್ನೊಂದು ಭಾಗವಿಲ್ಲ.

ಅಲ್ಲಿ ಒಂದರೊಳಗೊಂದು ಕೂತ ಎರಡು ಕೊಳವೆ: ಒಳಗಿನದು ಸ್ಪೂಲು, ಹೊರಗಿನದು ಸ್ಲೀವು. ಎರಡಕ್ಕೂ ಮೈತುಂಬ ತೂತು, ಗೀರು. ಸ್ಪೂಲು ನಿಮ್ಮ ಸ್ಟೀರಿಂಗಿನ ಶಾಫ್ಟಿಗೆ ಸೇರಿದ್ದು. ನೀವು ತಿರುಗಿಸದೆ ಇದ್ದಾಗ ಚಪ್ಪಟೆ ಸ್ಪ್ರಿಂಗುಗಳ ಒಂದು ಕಟ್ಟು ಎರಡನ್ನೂ ನಟ್ಟನಡುವೆ ಹಿಡಿದಿರುತ್ತದೆ. ತೂತಿಗೆ ತೂತು ಕೂಡುವುದಿಲ್ಲ, ಜಾಕಿನ ದಾರಿ ಮುಚ್ಚಿರುತ್ತದೆ. ನೀವು ಸ್ಟೀರಿಂಗನ್ನು ಎಡಕ್ಕೆ ಹೊರಳಿಸಿದ ತಕ್ಷಣ ಸ್ಪ್ರಿಂಗ್ ಬಾಗಿ ಸ್ಪೂಲು ಕೆಲವೇ ಡಿಗ್ರಿ ಮುಂದೋಡುತ್ತದೆ, ತೂತುಗಳು ಕೂಡುತ್ತವೆ, ಎಣ್ಣೆ ನುಗ್ಗುತ್ತದೆ. ಹಾಗೆ ನುಗ್ಗಿದ್ದು ನೇರ ಜಾಕಿಗೆ ಹೋಗುವಂತಿಲ್ಲ. ಮೊದಲು ಕೆಳಗಿರುವ ಅಳತೆಯ ಮನೆಯನ್ನು ಹಾಯಬೇಕು.

ಅಳತೆಯ ಮನೆಯಲ್ಲಿ ಏಳು ಉಬ್ಬುಗಳ ಒಂದು ಉಂಗುರ, ಅದರೊಳಗೆ ಆರು ಹಲ್ಲುಗಳ ನಕ್ಷತ್ರದಂಥ ಒಂದು ರೋಟರ್. ಒಂದು ಹಲ್ಲು ಕಡಿಮೆ ಇರುವುದರಿಂದ ರೋಟರ್ ಸುಮ್ಮನೆ ತಿರುಗಲಾರದು. ಹೊರಳುತ್ತಾ, ಉಂಗುರದ ಒಳಮೈಗೆ ಒರಗಿ ಉರುಳುತ್ತಾ ತಿರುಗುತ್ತದೆ. ಅದು ತಾನು ಒಂದು ಸುತ್ತು ಮುಗಿಸುವಷ್ಟರಲ್ಲಿ ಅದರ ನಡುಬಿಂದು ಆರು ಸುತ್ತು ಹಾಕಿರುತ್ತದೆ, ಏಳು ಕೋಣೆಗಳು ಆರಾರು ಸಲ ತುಂಬಿ ಖಾಲಿಯಾಗಿರುತ್ತವೆ. ಲೆಕ್ಕ ಹಾಕಿ: ಒಂದು ಸುತ್ತಿಗೆ 42 ಸಲ. ಸಣ್ಣ ಡಬ್ಬಿಯಲ್ಲಿ ಇಷ್ಟೊಂದು ಎಣ್ಣೆಯನ್ನು ಇಷ್ಟು ನಯವಾಗಿ ಅಳೆಯಬಲ್ಲ ಈ ಜೋಡಿಯನ್ನು ಅಮೆರಿಕದ ಮಿನ್ನೆಸೋಟಾದ ಲಿನ್ ಚಾರ್ಲ್ಸನ್ 1950ರ ದಶಕದಲ್ಲಿ ಮೋಟಾರಾಗಿ ಕಟ್ಟಿದ. ಅವನ ಚಾರ್-ಲಿನ್ ಹೆಸರು ಇವತ್ತಿಗೂ ಸ್ಟೀರಿಂಗ್ ಯೂನಿಟ್ಟುಗಳ ಮೇಲೆ ಕಾಣಸಿಗುತ್ತದೆ.

ಜಾಣತನ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎಣ್ಣೆ ಹಾಯುವಾಗ ತಿರುಗುವ ರೋಟರ್, ಒಂದು ಸಣ್ಣ ಕಾರ್ಡನ್ ಶಾಫ್ಟು ಮತ್ತು ಅಡ್ಡ ಪಿನ್ನಿನ ಮೂಲಕ ಹೊರಗಿನ ಸ್ಲೀವನ್ನೂ ತಿರುಗಿಸುತ್ತದೆ. ಅಂದರೆ ನೀವು ಸ್ಪೂಲನ್ನು ಮುಂದೋಡಿಸುತ್ತೀರಿ, ಸ್ಲೀವು ಅದರ ಬೆನ್ನು ಹತ್ತುತ್ತದೆ. ನೀವು ತಿರುಗಿಸುತ್ತಿರುವವರೆಗೆ ಅಂತರ ಉಳಿಯುತ್ತದೆ, ಎಣ್ಣೆ ಹರಿಯುತ್ತದೆ. ಕೈ ನಿಲ್ಲಿಸಿದಿರೋ, ಸ್ಲೀವು ಬಂದು ಸ್ಪೂಲನ್ನು ಹಿಡಿದುಬಿಡುತ್ತದೆ, ಬಾಗಿಲು ಮುಚ್ಚುತ್ತದೆ. ಕಾಲು ಸುತ್ತು ತಿರುಗಿಸಿದರೆ ಕಾಲು ಸುತ್ತಿನ ಎಣ್ಣೆ, ಒಂದು ಸುತ್ತಿಗೆ ಒಂದು ಸುತ್ತಿನದು. ಲೋಡರ್ ನಿಮ್ಮ ಕೈ ಎಷ್ಟು ಹೇಳಿತೋ ಅಷ್ಟೇ ಮಡಚಿ ನಿಲ್ಲುವುದು ಹೀಗೆ. ಕೆಲವು ಹೊಸ ಯಂತ್ರಗಳಲ್ಲಿ ಸ್ಟೀರಿಂಗ್ ಬದಲಿಗೆ ಜಾಯ್‌ಸ್ಟಿಕ್ ಕೋಲು ಬಂದಿದೆ. ಅಲ್ಲಿ ನ್ಯಾಯ ಬೇರೆ. ಬಹಳಷ್ಟರಲ್ಲಿ ಕೋಲನ್ನು ಎಷ್ಟು ಬಾಗಿಸಿದಿರೋ ಅಷ್ಟು ವೇಗದಲ್ಲಿ, ಬಿಡುವವರೆಗೂ ಮಡಚುತ್ತಲೇ ಇರುತ್ತದೆ. ಸ್ಟೀರಿಂಗಿನ ಕೈ ಹಿಡಿದು ಕೋಲಿಗೆ ಹೋದವರು ಮೊದಮೊದಲು ಟಿಪ್ಪರಿಗೆ ಬಕೆಟ್ ತಾಗಿಸುವುದು ಇದೇ ಕಾರಣಕ್ಕೆ.

ಅಳತೆಯ ಮಾತು ಬಂತಲ್ಲ, ಒಂದು ಲೆಕ್ಕ ಮಾಡಿಯೇ ಬಿಡೋಣ. ಜಾಕಿನ ಒಳವ್ಯಾಸ 90 ಮಿ.ಮೀ., ರಾಡಿನ ದಪ್ಪ 50 ಮಿ.ಮೀ., ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಟ 40 ಸೆಂ.ಮೀ., ಒತ್ತಡ 200 ಬಾರ್ ಇರುವ ಒಂದು ಲೋಡರ್ ಎಂದಿಟ್ಟುಕೊಳ್ಳಿ. ಪಿಸ್ಟನ್ನಿನ ಪೂರ್ತಿ ಮುಖ ಸುಮಾರು 64 ಚದರ ಸೆಂ.ಮೀ.; ರಾಡ್ ಇರುವ ಬದಿಯಲ್ಲಿ ಉಳಿಯುವುದು 44. ಒಂದು ಬಾರ್ ಅಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ ಎಂದು ಹಿಡಿದರೆ ಸಾಕು. ತಳ್ಳುವ ಜಾಕಿನಿಂದ ಸುಮಾರು 13 ಟನ್, ಎಳೆಯುವ ಜಾಕಿನಿಂದ ಸುಮಾರು 9 ಟನ್, ಕೂಡಿದರೆ 22 ಟನ್. ಎರಡೂ ಜಾಕನ್ನು ಅಡ್ಡಡ್ಡ ಪೈಪಿನಿಂದ ಜೋಡಿಸಿರುವುದರಿಂದ ಎಡಕ್ಕೂ ಬಲಕ್ಕೂ ಬಲ ಒಂದೇ. ಒಂದು ಕೊನೆಯಿಂದ ಇನ್ನೊಂದಕ್ಕೆ ಮಡಚಲು ಬೇಕಾಗುವ ಎಣ್ಣೆ 4.3 ಲೀಟರ್. ಆರ್ಬಿಟ್ರೋಲ್ ಸುತ್ತಿಗೆ ಒಂದು ಲೀಟರ್ ಅಳೆಯುವುದಾದರೆ ನಾಲ್ಕು ಸುತ್ತು ಮತ್ತೊಂದಿಷ್ಟು. ನಿಮ್ಮ ಯಂತ್ರದಲ್ಲೂ ಎಣಿಸಿ ನೋಡಿ, ಎಣಿಸಿದ್ದನ್ನು ಕ್ಯಾಬಿನ್ನಿನಲ್ಲಿ ಎಲ್ಲಾದರೂ ಬರೆದಿಡಿ. ಮುಂದೆ ಅದೇ ಯಂತ್ರ ಐದು, ಐದೂವರೆ ಸುತ್ತು ಕೇಳತೊಡಗಿದರೆ ಅಳೆದ ಎಣ್ಣೆ ಜಾಕನ್ನು ಮುಟ್ಟುವ ಮೊದಲೇ ಎಲ್ಲೋ ಸೋರುತ್ತಿದೆ. ಖರ್ಚಿಲ್ಲದ ಪರೀಕ್ಷೆ ಇದು.

ಪಂಪು ನಡೆಯುತ್ತಿರುವಾಗ ನಿಮ್ಮ ಕೈ ಹೋರಾಡುವುದು ಆ ಚಪ್ಪಟೆ ಸ್ಪ್ರಿಂಗಿನ ಜೊತೆ ಮಾತ್ರ. ಅದಕ್ಕೇ ಒಂದು ಬೆರಳಿಗೆ 22 ಟನ್ನಿನ ಅಧಿಕಾರ. ಇಂಜಿನ್ ನಿಂತರೆ? ಆಗಲೂ ರೋಟರ್ ಇದ್ದೇ ಇದೆ. ಸ್ಟೀರಿಂಗ್ ತಿರುಗಿಸಿದರೆ ಸ್ಪೂಲು ಅಡ್ಡ ಪಿನ್ನಿಗೆ ತಾಗಿ ರೋಟರನ್ನೇ ತಿರುಗಿಸುತ್ತದೆ, ಅಳೆಯುವ ಯಂತ್ರ ಕೈಪಂಪಾಗುತ್ತದೆ. ಸಣ್ಣ ಯಂತ್ರದಲ್ಲಿ ಹೀಗೆ ಪಕ್ಕಕ್ಕೆ ಸರಿದುಕೊಳ್ಳಬಹುದು. ಆದರೆ ನಮ್ಮ ಒಂದು ಲೀಟರಿನ ಆರ್ಬಿಟ್ರೋಲಿನಲ್ಲಿ ಬರೇ 10 ಬಾರ್ ಒತ್ತಡ ಹುಟ್ಟಿಸಬೇಕಾದರೂ 40 ಸೆಂ.ಮೀ. ಅಗಲದ ಸ್ಟೀರಿಂಗಿನ ಅಂಚಿಗೆ 80 ಕಿಲೋ ಬಲ ಹಾಕಬೇಕು. ಅಷ್ಟು ಹಾಕಿದರೂ ಎರಡು ಜಾಕಿಗೆ ಸಿಗುವುದು ಒಂದು ಟನ್ನಿನ ಸುಮಾರು. ಅದಿರು ಹೊತ್ತ ಲೋಡರ್ ಅದಕ್ಕೆ ಬಗ್ಗುವುದಿಲ್ಲ.

ಅದಕ್ಕಾಗಿ ದೊಡ್ಡ ಯಂತ್ರಗಳಲ್ಲಿ ಎರಡು ವ್ಯವಸ್ಥೆ ಮಾಡಿರುತ್ತಾರೆ. ಒಂದು, ಸ್ಟೀರಿಂಗಿನ ಕೆಳಗೆ ಸಣ್ಣ ಆರ್ಬಿಟ್ರೋಲ್ ಇಟ್ಟು, ಅದರ ಎಣ್ಣೆಯಿಂದ ಬೇರೊಂದು ದೊಡ್ಡ ವಾಲ್ವನ್ನು ಆಡಿಸುವುದು. ಆ ವಾಲ್ವು ನಾಲ್ಕು, ಎಂಟು, ಹತ್ತು ಪಟ್ಟು ಎಣ್ಣೆಯನ್ನು ಜಾಕಿಗೆ ಬಿಡುತ್ತದೆ. ಇನ್ನೊಂದು, ತುರ್ತಿನ ಎರಡನೆಯ ಪಂಪು. ಕೆಲವದರಲ್ಲಿ ಇದು ಬ್ಯಾಟರಿಯ ಮೋಟಾರಿನಿಂದ ನಡೆಯುತ್ತದೆ, ಕೆಲವದರಲ್ಲಿ ಓಡುತ್ತಿರುವ ಗಾಲಿಯಿಂದಲೇ ಶಕ್ತಿ ತೆಗೆದುಕೊಳ್ಳುತ್ತದೆ. ಮಣ್ಣೆತ್ತುವ ಗಾಲಿ ಯಂತ್ರಗಳ ಸ್ಟೀರಿಂಗಿಗೆಂದೇ ಇರುವ ಐಎಸ್‌ಒ 5010 ಎಂಬ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಈ ತುರ್ತು ಸ್ಟೀರಿಂಗಿನ ವಿಷಯವೂ ಸೇರಿದೆ. ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗ್ ಚಿತ್ರದ ದೀಪ ಮತ್ತು ಟೆಸ್ಟ್ ಬಟನ್ ಇದ್ದರೆ ಪಾಳಿ ಶುರುವಿನಲ್ಲಿ ಒಮ್ಮೆ ಒತ್ತಿ ನೋಡಿ. ‘ದೀಪ ಸುಮ್ಸುಮ್ನೆ ಹತ್ತತೈತಿ’ ಎಂದು ಅದರ ವೈರು ಕಿತ್ತುಹಾಕಿದ ಲೋಡರುಗಳನ್ನು ನೋಡಿದ್ದೇನೆ. ಇಳಿಜಾರಿನಲ್ಲಿ ಇಂಜಿನ್ ಕೈಕೊಟ್ಟ ಗಳಿಗೆಯಲ್ಲಿ ಆ ವೈರಿನ ಬೆಲೆ ಗೊತ್ತಾಗುತ್ತದೆ.

ಇನ್ನು ಲಾಗ್‌ಬುಕ್ಕಿನ ಮಾತಿಗೆ ಬರುತ್ತೇನೆ. ‘ಗಟ್ಟಿ’ಯಲ್ಲಿ ಎಷ್ಟು ಬಗೆ ನೋಡಿ. ನಿಧಾನವಾಗಿ ತಿರುಗಿಸಿದರೆ ಹಗುರ, ಗಬಕ್ಕನೆ ತಿರುಗಿಸಿದರೆ ಗಟ್ಟಿ ಅಂದರೆ ಎಣ್ಣೆ ಸಾಲುತ್ತಿಲ್ಲ. ಸವೆದ ಪಂಪು, ಕಟ್ಟಿಕೊಂಡ ಜಾಲರಿ, ಮಂದವಾದ ಪ್ರಯಾರಿಟಿ ವಾಲ್ವು, ಇವುಗಳಲ್ಲಿ ಒಂದು. ಹೇಗೆ ತಿರುಗಿಸಿದರೂ ಒಂದೇ ಸಮ ಗಟ್ಟಿ ಅಂದರೆ ಒತ್ತಡ ಏರುತ್ತಿಲ್ಲ; ರಿಲೀಫ್ ವಾಲ್ವಿನ ಬಾಯಲ್ಲಿ ಕಸ ಕೂತು ಅದು ಮುಚ್ಚದೇ ಇರಬಹುದು. ಬಕೆಟ್ ಎತ್ತುವಾಗ ಮಾತ್ರ ಗಟ್ಟಿ ಅಂದರೆ ಕಣ್ಣುಮುಚ್ಚಿ ಪ್ರಯಾರಿಟಿ ವಾಲ್ವು ಮತ್ತು ಎಲ್‌ಎಸ್ ಲೈನಿನ ಕಡೆ ಹೋಗಬಹುದು. ಬೆಳಿಗ್ಗೆ ಚೆನ್ನಾಗಿದ್ದು ಯಂತ್ರ ಕಾದಂತೆಲ್ಲ ಗಟ್ಟಿ, ಸ್ಟೀರಿಂಗ್ ಸುತ್ತೂ ಜಾಸ್ತಿ ಬೇಕು ಅಂದರೆ ಸವೆತ. ಕಾದ ಎಣ್ಣೆ ತೆಳುವಾಗಿ ಸವೆದ ಸಂದುಗಳಲ್ಲಿ ನುಸುಳುತ್ತದೆ. ಬೆಳಿಗ್ಗೆ ಗಟ್ಟಿ, ಕಾದ ಮೇಲೆ ಸರಿ ಅಂದರೆ ಎಣ್ಣೆಯೇ ದಪ್ಪ, ಇಲ್ಲವೇ ಹೀರು ಪೈಪಿನಲ್ಲಿ ಅಡ್ಡಿ. ಒಂದೇ ಕಡೆಗೆ ಗಟ್ಟಿಯಾದರೆ ಪಂಪನ್ನು ಬೈಯಬೇಡಿ, ಪಂಪಿಗೆ ಎಡಬಲ ಗೊತ್ತಿಲ್ಲ. ಆಯಾ ಬದಿಯ ಶಾಕ್ ವಾಲ್ವು (ಹೊಡೆತ ಬಿದ್ದಾಗ ಒತ್ತಡ ಇಳಿಸುವ ವಾಲ್ವು), ಇಲ್ಲವೇ ಮಡಚುವ ಜಾಯಿಂಟಿನಲ್ಲಿ ಸಿಕ್ಕಿಕೊಂಡ ಕಲ್ಲು.

ಪೂರ್ತಿ ಮಡಚಿದ ಮೇಲೂ ಸ್ಟೀರಿಂಗ್ ಸಲೀಸಾಗಿ ಸುತ್ತುತ್ತಲೇ ಹೋಗುತ್ತದೆಯೇ? ತುಸು ಜಾರುವುದು ಸಹಜ. ಜಾರುತ್ತಲೇ ಇದ್ದರೆ ಜಾಕಿನ ಪಿಸ್ಟನ್ ಸೀಲು ಅಥವಾ ಆರ್ಬಿಟ್ರೋಲಿನ ಒಳಸವೆತ. ಆರ್ಬಿಟ್ರೋಲಿನ ಮೇಲೆ ಸಂಶಯ ಪಡಬೇಕಾದ ಜಾಗ ಇದು, ಅದೂ ಜಾಕುಗಳನ್ನು ಬೇರ್ಪಡಿಸಿ ಪರೀಕ್ಷಿಸಿದ ಮೇಲೆ. ಸ್ಟೀರಿಂಗ್ ನೇರ ಹಿಡಿದರೂ ಲೋಡರ್ ಅತ್ತಿತ್ತ ಓಲಾಡುತ್ತದೆ, ಜಾಯಿಂಟಿನಲ್ಲಿ ಕಟ್ ಕಟ್ ಸದ್ದು ಅಂದರೆ ಎಣ್ಣೆಯ ದೋಷವೇ ಅಲ್ಲದಿರಬಹುದು. ಸೆಂಟರ್ ಪಿನ್ನಿನ ಬುಷ್, ಜಾಕಿನ ತುದಿಯ ಬುಷ್ ನೋಡಿಸಿ. ಗ್ರೀಸ್ ಗನ್ ಹಿಡಿದ ಹುಡುಗ ಕೆಳಗಿನ ಸೆಂಟರ್ ಪಿನ್ನಿನ ನಿಪ್ಪಲ್ಲನ್ನು ಮುಟ್ಟಿಯೇ ಇರುವುದಿಲ್ಲ. ಅದು ಕೆಸರಿನಲ್ಲಿ ಮುಚ್ಚಿರುತ್ತದೆ.

ಎರಡು ಲಕ್ಷಣ ಕಂಡರೆ ಮಾತ್ರ ಪಾಳಿ ಮುಗಿಯಲಿ ಎಂದು ಕಾಯದೆ ಅಲ್ಲೇ ನಿಲ್ಲಿಸಿ. ಕೈ ಬಿಟ್ಟ ಮೇಲೂ ಸ್ಟೀರಿಂಗ್ ತಾನೇ ತಿರುಗುತ್ತಿದ್ದರೆ ಸ್ಪೂಲು ಸ್ಲೀವಿಗೆ ಕಚ್ಚಿಕೊಂಡಿದೆ, ಇಲ್ಲವೇ ಚಪ್ಪಟೆ ಸ್ಪ್ರಿಂಗು ಮುರಿದಿದೆ. ರಿಪೇರಿಯಾಗಿ ಬಂದ ಯಂತ್ರದಲ್ಲಿ ಇಂಜಿನ್ ಚಾಲೂ ಆದೊಡನೆ ಸ್ಟೀರಿಂಗ್ ಮೋಟಾರಿನಂತೆ ಗಿರ್ರನೆ ಸುತ್ತತೊಡಗಿದರೆ ರೋಟರನ್ನೂ ಕಾರ್ಡನ್ನನ್ನೂ ಗುರುತು ನೋಡದೆ ಕೂಡಿಸಿದ್ದಾರೆ. ಅದು ಬೆರಳು ಮುರಿಯುವಷ್ಟು ಬಲದಲ್ಲಿ ಸುತ್ತುತ್ತದೆ. ಹಿಡಿಯಲು ಹೋಗಬೇಡಿ, ಇಂಜಿನ್ ಬಂದ್ ಮಾಡಿ.

ಎಣ್ಣೆಯ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಸ್ಪೂಲು, ಸ್ಲೀವಿನ ನಡುವಿನ ಸಂದು ಕಣ್ಣಿಗೆ ಕಾಣುವಂಥದ್ದಲ್ಲ. ಅದಿರಿನ ಧೂಳಿನ ಕಣ ಅಲ್ಲಿ ಹೊಕ್ಕರೆ ಉಜ್ಜುಕಾಗದದ ಕೆಲಸ ಮಾಡುತ್ತದೆ. ಎಣ್ಣೆ ಹಾಕುವ ಮುನ್ನ ಮುಚ್ಚಳದ ಸುತ್ತ ಒರೆಸಿ. ಕ್ಯಾನಿನ ಬಾಯಿಗೆ ಬಟ್ಟೆ ತುರುಕುವ ಅಭ್ಯಾಸ ಬಿಡಿ, ಆಮೇಲೆ ಎಲ್‌ಎಸ್ ಲೈನಿನಲ್ಲಿ ಸಿಗುವುದು ಅದೇ ಬಟ್ಟೆಯ ನೂಲು. ಗಾಜಿನಲ್ಲಿ ನೋಡಿದಾಗ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ನೊರೆ ಇದ್ದರೆ ಪಂಪು ಗಾಳಿ ಹೀರುತ್ತಿದೆ. ಗಾಳಿ ಹೀರುವ ಪಂಪು ಜಲ್ಲಿ ಅಗಿದಂತೆ ಸದ್ದು ಮಾಡುತ್ತದೆ, ಸ್ಟೀರಿಂಗ್ ಜರ್ಕ್ ಹೊಡೆಯುತ್ತದೆ.

ಹೆಲ್ಪರ್ ಹುಡುಗರ ವಿಷಯ ಬರೆಯದೆ ಈ ಪತ್ರ ಮುಗಿಸಲಾರೆ. ಮಡಚುವ ಜಾಯಿಂಟಿನ ಪಕ್ಕದ ಜಾಗ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನದು, ಯಂತ್ರ ನೇರ ನಿಂತಾಗ ಒಬ್ಬ ಆರಾಮಾಗಿ ನಿಲ್ಲುವಷ್ಟು ಅಗಲ. ಪೂರ್ತಿ ಮಡಚಿದಾಗ ಅಲ್ಲಿ ಮನುಷ್ಯನ ಮೈಗೆ ಜಾಗವಿಲ್ಲ. ಕ್ಯಾಬಿನ್ನಿಗೆ ಹತ್ತುವ ಏಣಿ ಅಲ್ಲೇ, ಗ್ರೀಸ್ ಪಾಯಿಂಟು ಅಲ್ಲೇ, ನೆರಳೂ ಅಲ್ಲೇ. ಇಂಜಿನ್ ಬಂದಾಗಿದೆ ಎಂದು ನಂಬಬೇಡಿ. ಕೈಪಂಪಿನ ಗುಣ ಹೇಳಿದೆನಲ್ಲ, ಕ್ಯಾಬಿನ್ನಿಗೆ ಹತ್ತುವವನು ಆಸರೆಗೆಂದು ಸ್ಟೀರಿಂಗ್ ಹಿಡಿದು ಜಗ್ಗಿದರೂ ಸಣ್ಣ ಲೋಡರುಗಳಲ್ಲಿ ಫ್ರೇಮು ಅಲುಗುತ್ತದೆ. ಎರಡೂ ಫ್ರೇಮನ್ನು ಕಟ್ಟಿಹಾಕಲು ಲಾಕ್ ರಾಡ್ ಕೊಟ್ಟಿರುತ್ತಾರೆ. ಜಾಯಿಂಟಿನ ಹತ್ತಿರ ಯಾರೇ ಕೈ ಹಾಕಲಿ, ಲೋಡರನ್ನು ಟ್ರೈಲರಿಗೆ ಹತ್ತಿಸಿ ಕಳಿಸುವುದಿರಲಿ, ಕ್ರೇನಿನಲ್ಲಿ ಎತ್ತುವುದಿರಲಿ, ಆ ರಾಡ್ ಹಾಕಿ ಪಿನ್ ಜಡಿಯಿರಿ. ಓಡಿಸುವ ಮುನ್ನ ತೆಗೆದು ಅದರ ಜಾಗದಲ್ಲಿಡಿ. ನಿಮ್ಮ ಯಂತ್ರದಲ್ಲಿ ಆ ರಾಡ್ ಕಳೆದುಹೋಗಿದ್ದರೆ ಇವತ್ತಿನ ಲಾಗ್‌ಬುಕ್ಕಿನ ಮೊದಲ ಸಾಲು ಅದೇ ಆಗಲಿ.

ಹೋಸ್ ಪೈಪಿನಿಂದ ಎಣ್ಣೆ ಸೂಜಿಯಂತೆ ಚಿಮ್ಮುತ್ತಿದೆ ಅನ್ನಿಸಿದರೆ ಕೈಯಿಂದ ಹುಡುಕಬೇಡಿ, ಒಂದು ರಟ್ಟಿನ ತುಂಡು ಹಿಡಿದು ನೋಡಿ. 200 ಬಾರಿನ ಎಣ್ಣೆ ಗ್ಲೌಸನ್ನೂ ಚರ್ಮವನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಸೊಳ್ಳೆ ಕಚ್ಚಿದಷ್ಟು ಗುರುತು, ಮೊದಲ ಗಂಟೆ ನೋವೂ ಅಷ್ಟಿರುವುದಿಲ್ಲ. ಆದರೆ ಅದು ತಕ್ಷಣ ಆಪರೇಷನ್ ಮಾಡಬೇಕಾದ ಗಾಯ. ತಡಮಾಡಿದರೆ ಬೆರಳು, ಕೈ ಹೋಗುತ್ತದೆ. ಬ್ಯಾಂಡೇಜ್ ಸುತ್ತಿಕೊಂಡು ಪಾಳಿ ಮುಗಿಸಬೇಡಿ. ಆಸ್ಪತ್ರೆಯಲ್ಲಿ ‘ಒತ್ತಡದ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ’ ಎಂದು ಬಾಯಿಬಿಟ್ಟು ಹೇಳಿ. ಡಾಕ್ಟರಿಗೆ ಅದು ಬರೀ ನೋಡಿದರೆ ತಿಳಿಯದೇ ಹೋಗಬಹುದು.

ನಾಳೆಯಿಂದ ದೂರು ಬರೆಯುವಾಗ ಹೀಗೆ ಬರೆದು ನೋಡಿ: ‘ಮಧ್ಯಾಹ್ನದ ಮೇಲೆ, ಎಣ್ಣೆ ಕಾದಾಗ, ಬಕೆಟ್ ಎತ್ತುತ್ತಾ ಯಾವ ಕಡೆಗೆ ತಿರುಗಿಸಿದರೂ ಗಟ್ಟಿ. ಬಕೆಟ್ ನಿಲ್ಲಿಸಿದರೆ ಹಗುರ. ಕೊನೆಯಿಂದ ಕೊನೆಗೆ ನಾಲ್ಕೂಕಾಲು ಸುತ್ತು, ಮೊದಲಿನಷ್ಟೇ. ಸದ್ದಿಲ್ಲ, ನೊರೆ ಇಲ್ಲ.’ ಇಷ್ಟನ್ನು ಓದಿದ ಫಿಟ್ಟರ್ ಆರ್ಬಿಟ್ರೋಲಿನ ಬೋಲ್ಟಿಗೆ ಸ್ಪ್ಯಾನರ್ ಹಚ್ಚುವುದಿಲ್ಲ, ನೇರ ಪ್ರಯಾರಿಟಿ ವಾಲ್ವಿಗೆ ಗೇಜು ಕಟ್ಟುತ್ತಾನೆ. ಹಚ್ಚಲು ಹೊರಟರೆ, ‘ಅಣ್ಣಾ, ಮೊದಲು ಗೇಜ್ ಹಾಕು’ ಎಂದು ತಡೆಯುವ ಹಕ್ಕು ಬರೆದವರಿಗೆ ಇದೆ. ಬರೆಯಲು ಬೇಸರವಿದ್ದರೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಕಳಿಸಿ, ಅದನ್ನೂ ಕೇಳಿಸಿಕೊಳ್ಳುತ್ತೇವೆ.

ಇಂತಿ ನಿಮ್ಮ,
ಒಬ್ಬ ಹೈಡ್ರಾಲಿಕ್ ಫಿಟ್ಟರ್
ಸಂಡೂರು